ಚೆಂಡಾಟದವನ ಕಾಲು, ಸೈಕಲ್ಲಿನವನ ಕಾಲು

ರಾಯಚೂರು ಸೀಮೆಯ ಪೋತ್ನಾಳದ ಸುತ್ತಿನ ಊರುಗಳಲ್ಲಿ ನಲವತ್ತೈದು ದಾಟಿದವರನ್ನು ಯಾರನ್ನಾದರೂ ಕೇಳಿ, ಸೈಕಲ್ ಸರ್ಕಸ್ಸಿನವನ ನೆನಪು ಇದ್ದೇ ಇರುತ್ತದೆ. ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಅವನು ಬರುತ್ತಿದ್ದ. ಶಾಲೆಯ ಮುಂದಿನ ಬಯಲಲ್ಲಿ ಸುಣ್ಣದ ಪುಡಿಯಲ್ಲಿ ಎಳೆದ ಒಂದು ಸುತ್ತು, ನಡುವೆ ಒಂದು ಕಂಬ, ಕಂಬಕ್ಕೆ ಟ್ಯೂಬ್‌ಲೈಟು ಮತ್ತು ಲೌಡ್‌ಸ್ಪೀಕರು. ಮೂರು ದಿನ, ಕೆಲವು ಸಲ ಐದು ದಿನ, ನೆಲಕ್ಕೆ ಕಾಲೂರದೆ ಸೈಕಲ್ ತುಳಿಯುವುದು ಅವನ ಪಣ. ಸ್ನಾನ ಸೈಕಲ್ಲಿನ ಮೇಲೆ, ರೊಟ್ಟಿ ತಿನ್ನುವುದೂ ಸೈಕಲ್ಲಿನ ಮೇಲೆ. ರಾತ್ರಿ ಹತ್ತರ ಮೇಲೆ ಜನ ತೆಳ್ಳಗಾದಾಗ ಅವನು ಹ್ಯಾಂಡಲ್ಲಿಗೆ ಹಣೆ ಆನಿಸಿ, ಎತ್ತು ಗಾಣ ತಿರುಗಿದಂತೆ ಸುಮ್ಮನೆ ಸುತ್ತುತ್ತಿದ್ದ. ಹಗಲು ಹೊತ್ತು ಯಾರಾದರೂ ಅಂಗಿಗೆ ನೋಟು ಪಿನ್ನು ಚುಚ್ಚಿದರೆ ಮೈಕಿನಲ್ಲಿ ಹೆಸರು: 'ಗೌಡರ ಕಡೆಯಿಂದ ಹನ್ನೊಂದು ರೂಪಾಯಿ!' ನಾವು ಹುಡುಗರು ಅವನ ಹಿಂದೆ ಓಡುತ್ತಿದ್ದೆವು. 'ಅಣ್ಣಾ, ಕಾಲು ನೋಯಂಗಿಲ್ಲೇನು?' ಅಂತ ಒಮ್ಮೆ ಕೇಳಿದ್ದಕ್ಕೆ ಅವನು ತಿರುಗಿ ನೋಡದೆಯೇ ಹೇಳಿದ್ದ: 'ಕಾಲಲ್ಲೋ ತಮ್ಮಾ, ಕುಂಡಿ ನೋಯ್ತದ.'

ಮುಂದೆ ಸೈಕಲ್ ಸವಾರಿಯ ತಯಾರಿಯ ಬಗ್ಗೆ ಎಷ್ಟೋ ಓದಿದೆ. ಇಷ್ಟು ನೇರವಾದ ಮಾತು ಎಲ್ಲೂ ಸಿಗಲಿಲ್ಲ.

ಈಗ ಸೈಕಲ್ ತುಳಿದು ಹಣ ಕೂಡಿಸುವವರು ಬೇರೆ ಜನ. ಹೆಲ್ಮೆಟ್ಟು, ಬಿಗಿಯಾದ ಅಂಗಿ, ಎದೆಯ ಮೇಲೆ ಪ್ರಾಯೋಜಕರ ಹೆಸರು. ಶಾಲೆಗೋ ಕ್ಯಾನ್ಸರ್ ಆಸ್ಪತ್ರೆಗೋ ದೇಣಿಗೆ ಎತ್ತಲು ನೂರಿನ್ನೂರು ಕಿಲೋಮೀಟರ್ ಹೋಗುವ ಈ ಧರ್ಮಾರ್ಥ ಸವಾರಿಯ ತತ್ವ ಮಾತ್ರ ಸರ್ಕಸ್ಸಿನವನದೇ: ಒಬ್ಬ ದಣಿಯುತ್ತಾನೆ, ನೋಡುವವನ ಕೈ ಜೇಬಿಗೆ ಹೋಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಲ್ಲಿ 36 ಜನರೊಂದಿಗೆ ಶುರುವಾದ 'ಪ್ಯಾನ್ ಮಾಸ್ ಚಾಲೆಂಜ್' ಇಂದು ಕ್ಯಾನ್ಸರ್ ಸಂಶೋಧನೆಗೆ ಹಣ ತರುವ ಬಹುದೊಡ್ಡ ಸವಾರಿ. ಬರ್ಕ್ಲಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು 1991ರಲ್ಲಿ ಕಟ್ಟಿದ 'ಆಶಾ ಫಾರ್ ಎಜುಕೇಶನ್' ಇಲ್ಲಿನ ಮಕ್ಕಳ ಓದಿಗಾಗಿ ಅಲ್ಲಿ ಮ್ಯಾರಥಾನ್ ಓಡುವವರಿಗೆ ತಿಂಗಳುಗಟ್ಟಲೆ ತರಬೇತಿ ಕೊಡುತ್ತದೆ. ಓಟದ ತಯಾರಿಯನ್ನೇ ದೇಣಿಗೆಯ ಕೆಲಸವನ್ನಾಗಿ ಮಾಡಿದ್ದು ಅದರ ಜಾಣತನ. ನಮ್ಮಲ್ಲಿ 2008ರಲ್ಲಿ ಬೆಂಗಳೂರಿನ ಸೈಕಲ್ ಗೆಳೆಯರು ಶುರುಮಾಡಿದ 'ಟೂರ್ ಆಫ್ ನೀಲಗಿರೀಸ್' ದೂರದ ಸವಾರಿಯ ರುಚಿ ಹತ್ತಿಸಿತು. ಅದೇ ವರ್ಷ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವೂ ಶುರುವಾಗಿ, ಓಡಿ ದೇಣಿಗೆ ಎತ್ತುವ ರೂಢಿ ಬೆಳೆಯಿತು.

ಇಂಥ ಸವಾರಿಗೆ ಹೆಸರು ಕೊಡುವ ಹುಡುಗ ಹುಡುಗಿಯರು ತಯಾರಿಗೆ ನೋಡುವುದು ಸೈಕಲ್ ವೀರರನ್ನಲ್ಲ, ಫುಟ್‌ಬಾಲ್ ಆಟಗಾರರನ್ನು. ಮೊಬೈಲಿನಲ್ಲಿ ಕಾಣುವುದು ಅವರೇ. ರೊನಾಲ್ಡೊನ ಹೊಟ್ಟೆಯ ಗಂಟುಗಳನ್ನು ನೋಡದ ಹುಡುಗ ಮಾನ್ವಿಯಲ್ಲೂ ಇಲ್ಲ, ದೇವದುರ್ಗದಲ್ಲೂ ಇಲ್ಲ. ಇನ್ನು ನಮ್ಮವರೇ ಆದಂತಿರುವ ಸುನಿಲ್ ಛೆಟ್ರಿ. ಬೆಂಗಳೂರು ಎಫ್‌ಸಿಯ ನಾಯಕನಾಗಿ 2013ರಿಂದ ಬೆವರಿಳಿಸಿದವರು, 2024ರ ಜೂನ್‌ನಲ್ಲಿ 39ನೇ ವಯಸ್ಸಿಗೆ ಭಾರತ ತಂಡಕ್ಕೆ ವಿದಾಯ ಹೇಳಿ, ಮರುವರ್ಷ ಮಾರ್ಚ್‌ನಲ್ಲಿ ಮತ್ತೆ ಬಂದು ಗೋಲು ಹೊಡೆದವರು. ಅಂಥ ಮೈಕಟ್ಟು ಬಂದರೆ ನೂರು ಕಿಲೋಮೀಟರ್ ಯಾವ ಲೆಕ್ಕ ಎಂಬುದು ಹುಡುಗರ ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಜ?

ಫುಟ್‌ಬಾಲ್ ಮೈದಾನದಲ್ಲಿ ಏನಾಗುತ್ತದೆಂದು ಮೊದಲು ನೋಡೋಣ. ವೃತ್ತಿಪರ ಆಟಗಾರ ಒಂದು ಪಂದ್ಯದಲ್ಲಿ 10ರಿಂದ 13 ಕಿಲೋಮೀಟರ್ ಓಡಾಡುತ್ತಾನೆ. ಇದರಲ್ಲಿ ಹೆಚ್ಚಿನದು ನಡಿಗೆ ಮತ್ತು ಸಾವಕಾಶದ ಓಟ. ಪೂರ್ತಿ ವೇಗದ ಓಟ ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಬರುತ್ತದೆ, ಎರಡರಿಂದ ನಾಲ್ಕು ಸೆಕೆಂಡು ಇರುತ್ತದೆ, ಮುಗಿಯುತ್ತದೆ. 90 ನಿಮಿಷದ ಆಟದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದೇ ಗಂಟೆಯ ಆಸುಪಾಸು. ಅಂದರೆ ಅವನ ಶಕ್ತಿ ಒಮ್ಮೆ ಸ್ಫೋಟಿಸಿ, ತಣ್ಣಗಾಗಿ, ಮತ್ತೆ ಸ್ಫೋಟಿಸುವ ಶಕ್ತಿ. ಪಟಾಕಿ ಸರ ಇದ್ದ ಹಾಗೆ. ಸೈಕಲ್ಲಿನವನದು ದೀಪದ ಬತ್ತಿ. ಗಂಟೆಗೆ 20 ಕಿಲೋಮೀಟರಿನಂತೆ ನೂರು ಕಿಲೋಮೀಟರ್ ಹೋಗುವವನು ಐದು ಗಂಟೆ ಸೀಟಿನ ಮೇಲಿರುತ್ತಾನೆ. ನಿಮಿಷಕ್ಕೆ 75 ಸಲ ಪೆಡಲ್ ತಿರುಗಿಸಿದರೆ ಒಟ್ಟು 22,500 ಸುತ್ತು. ಒಂದೊಂದು ಸುತ್ತಿಗೂ ಬೇಕಾದ ಬಲ ಕಡಿಮೆ, ಆದರೆ ಎಣಿಕೆ ಮುಗಿಯುವುದೇ ಇಲ್ಲ.

ಹಾಗಿದ್ದೂ ಚೆಂಡಾಟದ ಕಾಲು ಸೈಕಲ್ಲಿಗೆ ಒಗ್ಗಿದ ದೊಡ್ಡ ಉದಾಹರಣೆಗಳಿವೆ. ಬೆಲ್ಜಿಯಂನ ರೆಮ್ಕೊ ಎವೆನೆಪೂಲ್ ಆಂಡರ್ಲೆಕ್ಟ್ ಮತ್ತು ಪಿಎಸ್‌ವಿ ಕ್ಲಬ್ಬುಗಳ ಕಿರಿಯರ ತಂಡಗಳಲ್ಲಿ ಬೆಳೆದ ಹುಡುಗ. 2017ರಲ್ಲಿ ಫುಟ್‌ಬಾಲ್ ಬಿಟ್ಟು ಸೈಕಲ್ ಹತ್ತಿದ, 2018ರಲ್ಲಿ ಕಿರಿಯರ ವಿಶ್ವ ಚಾಂಪಿಯನ್ ಆದ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರಸ್ತೆ ಸ್ಪರ್ಧೆ ಮತ್ತು ಟೈಮ್ ಟ್ರಯಲ್ ಎರಡರಲ್ಲೂ ಚಿನ್ನ ಗೆದ್ದ. ನಮ್ಮ ವಿಷಯಕ್ಕೆ ಅವನಿಗಿಂತ ಹತ್ತಿರದವನು ಇಂಗ್ಲೆಂಡಿನ ಜೆಫ್ ಥಾಮಸ್. ಕ್ರಿಸ್ಟಲ್ ಪ್ಯಾಲೇಸ್ ತಂಡದ ಈ ಆಟಗಾರನಿಗೆ ನಿವೃತ್ತಿಯ ನಂತರ 2003ರಲ್ಲಿ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಸಹೋದರಿಯ ಕಾಂಡಕೋಶ ಪಡೆದು ಬದುಕಿಕೊಂಡವನು 2005ರಲ್ಲಿ ಟೂರ್ ಡಿ ಫ್ರಾನ್ಸ್‌ನ 21 ಹಂತಗಳ ಪೂರ್ತಿ ದಾರಿಯನ್ನು ಸೈಕಲ್ಲಿನಲ್ಲಿ ಕ್ರಮಿಸಿ ಆ ರೋಗದ ಸಂಶೋಧನೆಗೆ ಹಣ ಎತ್ತಿದ. ಮುಂದೆ ಜನರನ್ನು ಕಟ್ಟಿಕೊಂಡು ಅದೇ ಸವಾರಿಯನ್ನು ಮತ್ತೆ ಮತ್ತೆ ಮಾಡಿದ. ಆ ದಾರಿ ಮುಗಿಸಿದ್ದು ಹಳೆಯ ಫುಟ್‌ಬಾಲ್ ಕಾಲುಗಳಲ್ಲ, ಅದಕ್ಕೆಂದೇ ಹೊಸದಾಗಿ ಪಳಗಿಸಿದ ಕಾಲುಗಳು ಎನ್ನುವುದನ್ನು ಹುಡುಗರು ಗಮನಿಸಬೇಕು.

ಹಾಗಾದರೆ ಫುಟ್‌ಬಾಲಿನಿಂದ ಏನನ್ನು ತರಬಹುದು? ನನ್ನ ಎಣಿಕೆಯಲ್ಲಿ ಎದ್ದು ಕಾಣುವುದು ಮೂರು ಸಂಗತಿ. ಎರಡನ್ನು ಎಲ್ಲರೂ ಹೇಳುತ್ತಾರೆ, ಮೂರನೆಯದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಮೊದಲನೆಯದು ಬಿರುಸಿನ ಕಸರತ್ತು. ನಾರ್ವೆಯಲ್ಲಿ ಹೆಲ್ಗೆರುಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಕಿರಿಯ ಫುಟ್‌ಬಾಲ್ ಆಟಗಾರರಿಗೆ ವಾರಕ್ಕೆ ಎರಡು ಸಲ, ಎಂಟು ವಾರ, ನಾಲ್ಕು ನಿಮಿಷದ ಕಠಿಣ ಓಟ ನಾಲ್ಕು ಬಾರಿ. ಎದೆಬಡಿತ ತನ್ನ ಗರಿಷ್ಠ ಮಿತಿಯ ನೂರಕ್ಕೆ 90–95ರಷ್ಟಕ್ಕೆ ಏರಬೇಕು. ನಡುನಡುವೆ ಮೂರು ನಿಮಿಷ ಹಗುರ ಓಟ. ಎಂಟು ವಾರದಲ್ಲಿ ಅವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಕಿಲೋಗೆ ನಿಮಿಷಕ್ಕೆ 58.1 ಮಿಲಿಲೀಟರಿನಿಂದ 64.3ಕ್ಕೆ ಏರಿತು, ಪಂದ್ಯದಲ್ಲಿ ಓಡುವ ದೂರ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿತು. ಇದನ್ನು ಸೈಕಲ್ಲಿಗೆ ಇಳಿಸುವುದು ಸುಲಭ. ಎದೆಗೆ ಕಟ್ಟುವ ಯಂತ್ರವೂ ಬೇಡ. ಪೋತ್ನಾಳದಿಂದ ಮಾನ್ವಿ ದಿಕ್ಕಿಗೆ ನಸುಕಿನಲ್ಲಿ ಹೊರಟು, ಪಕ್ಕದವನ ಪ್ರಶ್ನೆಗೆ 'ಹ್ಞೂಂ' ಎನ್ನುವುದಷ್ಟೇ ಸಾಧ್ಯವಾಗಿ ಪೂರ್ತಿ ವಾಕ್ಯ ಆಡಲಾಗದಷ್ಟು ಬಿರುಸಾಗಿ ನಾಲ್ಕು ನಿಮಿಷ ತುಳಿಯುವುದು, ಆಮೇಲೆ ಹೊಲದವರನ್ನು ಮಾತಾಡಿಸುತ್ತ ಹೋಗುವಷ್ಟು ಸಾವಕಾಶವಾಗಿ ಮೂರು ನಿಮಿಷ. ವಾರಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ. ಉಳಿದ ದಿನ ದೂರದ, ನಿಧಾನದ ಸವಾರಿ. ಹುಡುಗರು ಮಾಡುವುದು ತಿರುವುಮುರುವು: ದಿನಾಲೂ ಅರೆಬಿರುಸು. ಅದು ಅತ್ತ ಪಟಾಕಿಯೂ ಅಲ್ಲ, ಇತ್ತ ದೀಪವೂ ಅಲ್ಲ.

ಎರಡನೆಯದು ಗಾಯ ತಡೆಯುವ ಕಸರತ್ತು. ಫಿಫಾ ರೂಪಿಸಿದ '11+' ಎಂಬ ಮೈಕಾಯಿಸುವ ಕ್ರಮ 20 ನಿಮಿಷದ್ದು. ಹಗುರ ಓಟ, ನೆಲಕ್ಕೆ ಮೊಣಕೈಯೂರಿ ಹಲಗೆಯಂತೆ ನಿಲ್ಲುವುದು, ಒಂಟಿಗಾಲಿನ ನಿಲುವು, ಜಿಗಿತ, ಕೂತೇಳುವುದು. ನಾರ್ವೆಯ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಪಾಲು ಇಳಿದಿದ್ದವು. ಇದರಲ್ಲಿ ಎಲ್ಲವೂ ಸೈಕಲ್ಲಿನವನಿಗೆ ಬೇಕಿಲ್ಲ. ಫುಟ್‌ಬಾಲ್ ಆಟಗಾರನಿಗೆ ಹರಿಯುವುದು ತೊಡೆಯ ಹಿಂಬದಿಯ ಸ್ನಾಯು. ಸೈಕಲ್ಲಿನವನಿಗೆ ನೋಯುವುದು ಮೊಣಕಾಲು, ಸೊಂಟ, ಕುತ್ತಿಗೆ, ಜೋಮು ಹಿಡಿಯುವ ಅಂಗೈ, ಮತ್ತೆ ಸರ್ಕಸ್ಸಿನವನು ಹೇಳಿದ ಆ ಜಾಗ. ಈ ಕೊನೆಯದಕ್ಕೆ ಕಸರತ್ತೇ ಇಲ್ಲ. ಸೀಟಿನ ಎತ್ತರ ಸರಿಮಾಡಿಕೊಳ್ಳಬೇಕು, ಹೊಲಿಗೆ ಚುಚ್ಚದ ಚಡ್ಡಿ ಹಾಕಬೇಕು, ವಾರವಾರ ಕೂತು ಕೂತು ಪಳಗಬೇಕು. ಹಲಗೆಯ ನಿಲುವು ಮತ್ತು ಒಂಟಿಗಾಲಿನ ಕಸರತ್ತು ಸೊಂಟಕ್ಕೂ ಮೊಣಕಾಲಿಗೂ ಒಳ್ಳೆಯದು. ಜಿಗಿತದ ಲಾಭ ಬೇರೆ ತೆರನದು. ಸೈಕಲ್ಲಿನಲ್ಲಿ ನೆಲದ ಪೆಟ್ಟು ಮೂಳೆಗೆ ತಟ್ಟುವುದಿಲ್ಲ, ಹೀಗಾಗಿ ವರ್ಷಗಟ್ಟಲೆ ಸೈಕಲ್ಲನ್ನೇ ನಂಬಿದವರ ಬೆನ್ನುಮೂಳೆ ಫುಟ್‌ಬಾಲ್ ಆಡುವವರಷ್ಟು ಗಟ್ಟಿ ಇರುವುದಿಲ್ಲ. ವಾರಕ್ಕೆರಡು ದಿನ ಕುಪ್ಪಳಿಸುವುದರಿಂದ ನಷ್ಟವೇನಿಲ್ಲ. ಹೊಟ್ಟೆಯ ಆರು ಗಂಟುಗಳ ಮಾತಿಗೆ ನಾನು ಹೋಗುವುದಿಲ್ಲ. ಅವು ಪೆಡಲ್ ತುಳಿಯುವುದಿಲ್ಲ.

ಮೂರನೆಯದು ವಿಶ್ರಾಂತಿ. ದೊಡ್ಡ ಕ್ಲಬ್ಬುಗಳ ವಾರವನ್ನು ನೋಡಿ. ಅಲ್ಲಿ ಸೋಮವಾರ ಮಂಗಳವಾರದ ಲೆಕ್ಕವೇ ಇಲ್ಲ. ಪಂದ್ಯದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ, ನಮ್ಮಲ್ಲಿ ಲಗ್ನದ ತಿಥಿಯಿಂದ ಹಿಂದಕ್ಕೆ ಹಂದರ, ಅರಿಶಿಣ ಎಂದು ಲೆಕ್ಕ ಹಾಕಿದ ಹಾಗೆ. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಬಲದ ಕೆಲಸ, ಎರಡು ದಿನ ಇರುವಾಗ ಅರ್ಧ, ಹಿಂದಿನ ದಿನ ಬರಿ ಚುರುಕು ಓಡಾಟ. ಪಂದ್ಯ ಮುಗಿದ ಮೇಲೆ ಕಾಲು ಪೂರ್ತಿ ಚೇತರಿಸಲು 48ರಿಂದ 72 ಗಂಟೆ ಬೇಕೆಂಬುದು ಅವರಿಗೆ ಗೊತ್ತು. ಬೆನ್ನಿಗೆ ಕಟ್ಟಿದ ಜಿಪಿಎಸ್ ಯಂತ್ರ ಯಾರು ಎಷ್ಟು ಓಡಿದರೆಂದು ಹೇಳಿದರೆ, ತರಬೇತುದಾರ ಅದನ್ನು ನೋಡಿ ಇವತ್ತು ಯಾರನ್ನು ಮನೆಗೆ ಕಳಿಸಬೇಕೆಂದು ತೀರ್ಮಾನಿಸುತ್ತಾನೆ. ಕೋಟಿಗಟ್ಟಲೆ ಸುರಿದು ಕೊಂಡ ಕಾಲುಗಳವು, ಅವಕ್ಕೆ ದಣಿವನ್ನು ಅಳೆದು ಬಡಿಸುತ್ತಾರೆ. ನನ್ನ ಮಟ್ಟಿಗೆ ಫುಟ್‌ಬಾಲಿನಿಂದ ಸೈಕಲ್ಲಿನವನು ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದೇ. ಹನ್ನೆರಡು ವಾರದ ತಯಾರಿಯಲ್ಲಿ ದೂರದ ಸವಾರಿಯನ್ನು 30 ಕಿಲೋಮೀಟರಿನಿಂದ 80ರವರೆಗೆ ಮೆಲ್ಲಗೆ ಏರಿಸಿ, ನಾಲ್ಕು ವಾರಕ್ಕೊಮ್ಮೆ ಬೇಕೆಂದೇ ಇಳಿಸಿ, ಕೊನೆಯ ವಾರ ಹೆಚ್ಚುಕಡಿಮೆ ಸುಮ್ಮನಿದ್ದರೆ ನೂರು ತಾನೇ ಮುಗಿಯುತ್ತದೆ.

ಇಷ್ಟೂ ಪುಸ್ತಕದ ಮಾತಾಯಿತು. ರಾಯಚೂರು ಸೀಮೆಯಲ್ಲಿ ಇದನ್ನು ಮಾಡಹೊರಟರೆ ಎದುರಾಗುವುದು ಬೇರೆಯೇ. ಏರು ಇಲ್ಲ ಅಂತ ಹೊರಗಿನವರು ಖುಷಿಪಡುತ್ತಾರೆ. ಎರಡು ನದಿಗಳ ನಡುವಿನ ಎರೆನೆಲ, ಹಾಸಿದ ಕಂಬಳಿಯಂತೆ ಸಮ. ಆದರೆ ಈ ಬಯಲಿನ ಗುಡ್ಡ ಅಂದರೆ ಗಾಳಿ. ರಾಯಚೂರಿನಿಂದ ಮಾನ್ವಿ, ಪೋತ್ನಾಳ, ಸಿಂಧನೂರು ದಾರಿ ನೈಋತ್ಯಕ್ಕೆ ಓಡುತ್ತದೆ. ಆಷಾಢದ ಗಾಳಿ ಬೀಸಿ ಬರುವುದೂ ಅದೇ ದಿಕ್ಕಿನಿಂದ. ಗಂಟೆಗೆ 20 ಕಿಲೋಮೀಟರ್ ಹೋಗುವವನಿಗೆ 20ರ ಗಾಳಿ ಎದುರಾದರೆ, ಗಾಳಿ ತಡೆಯುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮರಳಿ ಬರುವಾಗ ಅದೇ ಗಾಳಿ ಬೆನ್ನು ತಟ್ಟಿ ನೂಕುತ್ತದೆ, ಅದಕ್ಕೇ ಆ ತಿಂಗಳಲ್ಲಿ ಹೋಗುವ ದಾರಿಗೆ ಶಕ್ತಿ ಇಟ್ಟುಕೊಂಡು ಬರುವ ದಾರಿಗೆ ನಂಬಿಕೆ ಇಟ್ಟುಕೊಳ್ಳಬೇಕು. ಚಳಿಗಾಲಕ್ಕೆ ಗಾಳಿ ತಿರುಗುತ್ತದೆ, ಲೆಕ್ಕವೂ ತಿರುಗುತ್ತದೆ. ಬೇಸಿಗೆಯ ಮಾತೇ ಬೇಡ. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಧರ್ಮಾರ್ಥ ಸವಾರಿ ಇಡುವವರು ಪುಣ್ಯ ಕಟ್ಟಿಕೊಳ್ಳುವುದಿಲ್ಲ. ನವೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ, ಅದರಲ್ಲೂ ಬೆಳಗಿನ ಆರರಿಂದ ಹನ್ನೊಂದು.

ಆ ಕಾಲಕ್ಕೂ ಅದರದೇ ತೊಡಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನೆಲ್ಲು ಕೊಯ್ಲು ನಡೆಯುವ ದಿನಗಳವು. ಟ್ರ್ಯಾಕ್ಟರಿನ ಗಾಲಿ ಕೆಸರನ್ನು ರಸ್ತೆಗೆ ತಂದು ಹಾಕಿರುತ್ತದೆ, ಅರ್ಧ ರಸ್ತೆಯ ಮೇಲೆ ನೆಲ್ಲು ಒಣಹಾಕಿರುತ್ತಾರೆ, ಅದು ಸರಿಯದಂತೆ ಅಂಚಿಗೆ ತಲೆಗಾತ್ರದ ಕಲ್ಲು ಇಟ್ಟಿರುತ್ತಾರೆ. ಮಂಜಿನಲ್ಲಿ ಈ ಕಲ್ಲು ಕಾಣುವುದಿಲ್ಲ. ಒಮ್ಮೆ ನಾನು ಅದಕ್ಕೆ ತಗಲಿ ನೆಲ್ಲಿನ ಮೇಲೆಯೇ ಮಗುಚಿ ಬಿದ್ದೆ. ಕಾವಲಿಗೆ ಮಲಗಿದ್ದ ಮುದುಕ ಎದ್ದು ಬಂದು ಮೊದಲು ನೆಲ್ಲನ್ನು ಸರಿಮಾಡಿದ, ಆಮೇಲೆ ನನ್ನನ್ನು. 'ಏನ್ ಅರ್ಜಂಟಿತ್ತಪ?' ಅಂದ. ಅರ್ಜಂಟು ಏನೂ ಇರಲಿಲ್ಲ, ನಾಲ್ಕು ನಿಮಿಷದ ಬಿರುಸು ನಡೆದಿತ್ತು ಅಷ್ಟೇ. ಅವನಿಗೆ ಅದನ್ನು ಹೇಳುವ ಧೈರ್ಯ ಆಗಲಿಲ್ಲ.

ಊಟದ ವಿಷಯದಲ್ಲಿ ಮಾತ್ರ ನಮಗೆ ಹೊರಗಿನ ಡಬ್ಬಿಗಳ ಹಂಗು ಬೇಕಿಲ್ಲ. ಪಂದ್ಯದ ಹಿಂದಿನ ದಿನ ಆಟಗಾರ ತನ್ನ ತೂಕದ ಕಿಲೋಗೆ 6ರಿಂದ 8 ಗ್ರಾಂ ಪಿಷ್ಟ ತಿನ್ನಬೇಕೆಂದು ಯುರೋಪಿನ ಫುಟ್‌ಬಾಲ್ ಸಂಸ್ಥೆಯ ತಜ್ಞರ ಸಲಹೆ. ಅನ್ನ, ರೊಟ್ಟಿ ಮುರಿಯುವ ಸೀಮೆಯವರಿಗೆ ಇದು ಕಷ್ಟವೇ? ಸವಾರಿಯ ಮೇಲಿರುವಾಗ ಗಂಟೆಗೆ 30ರಿಂದ 60 ಗ್ರಾಂ ಬೇಕು. ಎರಡು ದೊಡ್ಡ ಬಾಳೆಹಣ್ಣು ಅಥವಾ ಒಂದು ಹಣ್ಣಿನ ಜೊತೆ ಹಿಡಿಗಾತ್ರದ ಬೆಲ್ಲದಲ್ಲಿ ಅದು ತೀರಿತು. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಕಿ ಕಟ್ಟಿಕೊಂಡರೆ ಬಣ್ಣದ ಬಾಟಲಿಯ ಕೆಲಸವೂ ಆಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮನೆಗೆ ಬಂದ ಮೇಲೆ ಇರಲಿ. ಎಣ್ಣೆ, ನಾರು ಹೊಟ್ಟೆಯಲ್ಲಿ ಕೂತಿರುವಾಗ ಕಾಲಿಗೆ ರಕ್ತ ಸಾಲದು. ಮಂಡಾಳ ಒಗ್ಗರಣಿ ಮತ್ತು ಮಿರ್ಚಿಯ ಅಂಗಡಿ ಕಂಡರೆ ಹೋಗುವಾಗ ಮುಖ ತಿರುಗಿಸಿ, ಬರುವಾಗ ನಿಲ್ಲಿ.

ದೂರ ಸಾಗುವ ದೇಹಗಳು ಇಲ್ಲಿಗೆ ಹೊಸವಲ್ಲ ಎಂಬುದನ್ನೂ ಈ ಲೇಖನ ಮರೆಯಬಾರದು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವ ಸಾವಿರಾರು ಜನ ಉತ್ತರ ಕರ್ನಾಟಕದ ಊರೂರುಗಳಿಂದ ಹೊರಟು ನಮ್ಮ ರಸ್ತೆಗಳನ್ನೂ ಹಾಯುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ಹೋಗುತ್ತಾರೆ. ಹಾದಿಯುದ್ದಕ್ಕೂ ಊರಿನವರು ಹಂದರ ಹಾಕಿ ಕಾಲಿಗೆ ಬಿಸಿನೀರು, ಎಣ್ಣೆ, ಊಟ, ಮಲಗಲು ಜಾಗ ಕೊಡುತ್ತಾರೆ. ನಡೆಯುವವನ ಮನಸ್ಸು ಗಟ್ಟಿಯಿದ್ದರೆ ಸಾಲದು, ಅವನ ದಣಿವನ್ನು ಇಳಿಸುವ ಏರ್ಪಾಡೂ ಇರಬೇಕೆಂದು ಆ ದಾಸೋಹದವರಿಗೆ ಯಾವ ಕ್ಲಬ್ಬೂ ಕಲಿಸಲಿಲ್ಲ. ಇನ್ನು ಸೈಕಲ್ ಸ್ಪರ್ಧೆಯ ತವರು ಇಲ್ಲೇ ಪಕ್ಕದ ವಿಜಯಪುರ, ಬಾಗಲಕೋಟೆ. ಜಾತ್ರೆಗಳಲ್ಲಿ ಸೈಕಲ್ ಓಟ ಇಟ್ಟು ಬಹುಮಾನ ಕೊಡುವ ಆ ಸೀಮೆಯ ಹಳ್ಳಿಗಳಿಂದಲೇ ರಾಜ್ಯ ತಂಡದ ಸವಾರರು ಬಂದಿದ್ದಾರೆ. ಫುಟ್‌ಬಾಲಿನ ಬೇರು ಅತ್ತ ಬೆಂಗಳೂರಿನ ಆಸ್ಟಿನ್ ಟೌನು, ಗೌತಮಪುರದ ಗಲ್ಲಿಗಳಲ್ಲಿದೆ. 1968–69ರ ನಂತರ ಕೈತಪ್ಪಿದ್ದ ಸಂತೋಷ್ ಟ್ರೋಫಿಯನ್ನು 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮರಳಿ ತಂದಿತು. ಸೈಕಲ್, ಫುಟ್‌ಬಾಲ್ ಎರಡೂ ಕಡೆಯ ತರಬೇತುದಾರರು ಒಂದೇ ರಾಜ್ಯದವರು. ಒಂದು ಚಹಾದ ಹೊತ್ತಿಗೆ ಒಟ್ಟಿಗೆ ಕೂತರೆ ಈ ಲೇಖನದ ಅರ್ಧ ಭಾಗ ಬೇಕೇ ಆಗುತ್ತಿರಲಿಲ್ಲ.

ಈಗ ಕೊಂಚ ಇರುಸುಮುರುಸಿನ ಮಾತು. ಸವಾರಿ ಯಾರಿಗಾಗಿ? ಪೋತ್ನಾಳದಲ್ಲಿ ಜಾಗೃತ ಮಹಿಳಾ ಸಂಘಟನೆ ಇದೆ, ಕೃಷಿ ಕೂಲಿ ಮಾಡುವ ದಲಿತ ಹೆಣ್ಣುಮಕ್ಕಳು ಕಟ್ಟಿಕೊಂಡದ್ದು. 'ಚಿಗುರು' ಹೆಸರಿನಲ್ಲಿ ಅವರು ಸುಟ್ಟ ಮಣ್ಣಿನ ಸರ, ಓಲೆ ಮಾಡುತ್ತಾರೆ. ಹೊಲದ ಕೂಲಿಯ ಜೊತೆಗೆ ಇದೂ ಒಂದು ದುಡಿಮೆ. ನೆಲ್ಲು ಹಚ್ಚುವ ಹೆಣ್ಣುಮಗಳು ಕೆಸರಿನಲ್ಲಿ ಬಾಗಿ ದಿನಕ್ಕೆ ಎಷ್ಟು ಗಂಟೆ ನಿಲ್ಲುತ್ತಾಳೆ ನೋಡಿ. ಮರುದಿನ ಹತ್ತಿ ಬಿಡಿಸಲು, ಅದರಾಚೆ ಮತ್ತೊಂದು ಹೊಲಕ್ಕೆ. ಅವಳ ಬೆನ್ನಿಗೆ ಯಾವ ಜಿಪಿಎಸ್ಸೂ ಇಲ್ಲ, 72 ಗಂಟೆಯ ಲೆಕ್ಕವೂ ಇಲ್ಲ. ಕೆಲಸ ಸಿಗದ ತಿಂಗಳಲ್ಲಿ ಮನೆಗೆ ಮನೆಯೇ ಬೆಂಗಳೂರಿಗೆ ಗುಳೆ ಹೊರಡುತ್ತದೆ. ಇಂಥ ಊರಿನ ಮಕ್ಕಳ ಓದಿಗೋ ಆಸ್ಪತ್ರೆಗೋ ಹಣ ತರಲು ನಾವು ತಿಂಗಳುಗಟ್ಟಲೆ ಬೇಕೆಂದೇ ದಣಿಯುತ್ತೇವೆ, ಆ ದಣಿವಿಗೆ ತಕ್ಕ ಊಟ, ನಿದ್ದೆ, ರಜೆ ಎಲ್ಲವನ್ನೂ ವಿಜ್ಞಾನದ ಪ್ರಕಾರ ಪಡೆಯುತ್ತೇವೆ. ಸವಾರಿ ಬೇಡವೆನ್ನುವುದಿಲ್ಲ, ಹಣ ಬರುತ್ತದೆ, ಬರಲಿ. ಆದರೆ ಲಕ್ಷ ರೂಪಾಯಿಯ ಸೈಕಲ್ ಹತ್ತಿ ಇಪ್ಪತ್ತು ಸಾವಿರ ಕೂಡಿಸಿ, ಅದರಲ್ಲಿ ಅಂಗಿ, ಪದಕ, ಬ್ಯಾನರಿಗೆ ಎಂಟು ಸಾವಿರ ಕಳೆಯುವ ಸವಾರಿಗೆ ನಾನು ಪಟ್ಟಿ ಕೊಡುವುದಿಲ್ಲ. ಎಷ್ಟು ಬಂತು, ಎಷ್ಟು ತಲುಪಿತು ಎಂದು ಮೈಕಿನಲ್ಲಿ ಓದಿ ಹೇಳುವವರಿಗೆ ಕೊಡುತ್ತೇನೆ.

ಇನ್ನೊಂದು ಮಾತು. ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಈ ರಸ್ತೆಗಳಲ್ಲಿ ಹೆಣ್ಣುಮಕ್ಕಳ ಸಾಲು ಸಾಲು ಸೈಕಲ್ ಕಾಣುತ್ತಿತ್ತು, ಕೊರೊನಾ ಕಾಲಕ್ಕೆ ಅದು ನಿಂತಿತು. ದೇಣಿಗೆ ಎತ್ತುವ ಸೈಕಲ್ ಸವಾರರು ದೇಣಿಗೆಯಿಂದ ಮೊದಲು ಕೊಳ್ಳಬೇಕಾದ್ದು ಏನೆಂದು ಕೇಳಿದರೆ ನನ್ನ ಉತ್ತರ ಸೈಕಲ್ಲೇ. ಹತ್ತಾರು ಹುಡುಗಿಯರು ದಿನಾ ಐದು ಕಿಲೋಮೀಟರ್ ಹೋಗಿ ಐದು ಬಂದರೆ ಅದಕ್ಕಿಂತ ದೊಡ್ಡ ಸವಾರಿಯನ್ನು ಯಾವ ಕ್ಲಬ್ಬೂ ಏರ್ಪಡಿಸಲಾರದು.

ಆ ಸರ್ಕಸ್ಸಿನವನು ಮೂರನೇ ದಿನ ಸಂಜೆ ಇಳಿದ. ಇಳಿದ ಅನ್ನುವುದಕ್ಕಿಂತ ಇಬ್ಬರು ಇಳಿಸಿಕೊಂಡರು. ಕಾಲು ನೆಲಕ್ಕೆ ಊರಲಿಲ್ಲ, ಮಡಚಿಕೊಂಡಿತು. ಊರ ಹಿರಿಯರು ಶಾಲು ಹೊದಿಸಿದರು, ನಾವು ಸಿಳ್ಳೆ ಹಾಕಿದೆವು. ಆಮೇಲೆ ಎರಡು ದಿನ ಅವನು ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಮಲಗಿದ್ದ. ಯಾರ ಮನೆಯಿಂದಲೋ ಮಜ್ಜಿಗೆ ಬರುತ್ತಿತ್ತು, ಯಾರೋ ಎಣ್ಣೆ ತಂದು ಮೀನಖಂಡ ತಿಕ್ಕುತ್ತಿದ್ದರು. ಮೂರನೆಯ ದಿನ ಮುಂದಿನ ಊರಿಗೆ ಹೊರಟ. ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿ, ತಾನು ಒಳಗೆ ಕಿಟಕಿಯ ಪಕ್ಕ ಕೂತು.